ಒಂದನೇ ಮಟ್ಟ

"ಮಕ್ಕಳಿಗೆಲ್ಲ ಮಟ್ಟ ಹಾಕಿದೀರಾ?" ಎಂದು ತರಬೇತುದಾರರು ಕೇಳಿದರು. ನನ್ನ ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು, "ಹಾಕಿದೀವಿ ಸಾರ್, ಒಬ್ರೂ ತಲೆ ಎತ್ತಲ್ಲ," ಅಂದರು. ಸಭಾಂಗಣದ ನಲವತ್ತು ಶಿಕ್ಷಕರೂ ಬಿದ್ದು ಬಿದ್ದು ನಕ್ಕೆವು. ಅವತ್ತು ನಾನು ನಕ್ಕಿದ್ದು ಅದೇ ಕೊನೆ.

ಅದು ಕಲಿಕಾ ಮಾನದಂಡಗಳ ತರಬೇತಿ. ಹೊಸ ಪದಗಳ ನಮೂನೆಯನ್ನು ನಾವು ತುಂಬಿ ಕಳಿಸಿ ತಿಂಗಳಾಗಿತ್ತು, ಅವುಗಳ ಅರ್ಥ ಹೇಳುವುದಕ್ಕೆ ಈಗ ಕರೆಸಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

"ಮಗು ಏನು ಕಲೀಬೇಕು ಅನ್ನೋದು ಮಾನದಂಡ. ಕಲ್ತಿದೆ ಅಂತ ಯಾವುದರಿಂದ ಗೊತ್ತಾಗುತ್ತೋ ಅದು ಸೂಚಕ. ಎಷ್ಟು ಕಲ್ತಿದೆ ಅನ್ನೋದು ಮಟ್ಟ," ಎನ್ನುತ್ತ ಅವರು ಹಲಗೆಯ ಮೇಲೆ ನಾಲ್ಕು ಮೆಟ್ಟಿಲಿನ ಏಣಿ ಬರೆದರು. ತುದಿಯ ಮೆಟ್ಟಿಲಿಗೆ ನಾಲ್ಕು, ನೆಲಕ್ಕೆ ತಾಗಿದ್ದಕ್ಕೆ ಒಂದು.

ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು. ನನ್ನ ಲೆಕ್ಕದಲ್ಲಿ ಒಂದು ಅಂದರೆ ಮೊದಲನೆಯದು. ಇಡೀ ತರಗತಿಯಲ್ಲಿ ಒಬ್ಬಳಿಗೆ ಮಾತ್ರ ಒಂದನೇ ಮಟ್ಟ ಕೊಟ್ಟಿದ್ದೆ. ಅವಳು ನಮ್ಮ ಯಾಕಮ್ಮ. ಯಾವ ಪಾಠಕ್ಕೂ "ಯಾಕೆ ಮಿಸ್?" ಎಂದು ಕೇಳದೆ ಬಿಡದ ಹುಡುಗಿಗೆ ನಾನೇ ಇಟ್ಟ ಹೆಸರು ಅದು. ಪುಸ್ತಕ ತೆರೆಯುವ ಮೊದಲೇ ಬಾಯಿ ತೆರೆಯುವ ಆಕಳಿಕೆ ಎಂಬವಳಿಗೆ ನಾಲ್ಕು ಕೊಟ್ಟಿದ್ದೆ.

"ಒಂದನೇ ಮಟ್ಟದವರು ಸೋಮವಾರದಿಂದ, ಅಕ್ಷರದಿಂದ ಮತ್ತೆ ಕಲಿಸೋ ಪರಿಹಾರ ತರಗತಿಗೆ ಹೋಗ್ತಾರೆ. ಒಂದು ವರ್ಷ," ಎಂದರು ತರಬೇತುದಾರರು.

ಮರುದಿನ ಬೆಳಿಗ್ಗೆ ಹೆಡ್ ಮೇಡಂ ಕೋಣೆಗೆ ನುಗ್ಗಿ ನಡೆದದ್ದೆಲ್ಲ ಹೇಳಿದೆ. ಅವರು ಕಂಪ್ಯೂಟರಿನಲ್ಲಿ ಯಾಕಮ್ಮನ ಹಾಳೆ ತೆಗೆದು, ಮಟ್ಟದ ಮೇಲೆ ಒತ್ತಿದರು. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಪರಿಹಾರ ತರಗತಿ ಪೂರೈಸಿದ ಮಗುವಿನ ಮಟ್ಟವನ್ನು ಮಾತ್ರ ಬದಲಾಯಿಸಬಹುದು.

"ಅಂದ್ರೆ ಆ ರೂಮಿಂದ ಆಚೆ ಬರಬೇಕಾದ್ರೆ ಮೊದಲು ಅದರೊಳಗೆ ಹೋಗಬೇಕಾ?"

"ಹಂಗೇ ಇದೆಯಲ್ಲ."

"ನನಗೆ ಅರ್ಥ ಆಗಿರಲಿಲ್ಲ ಅಂತ ಬರ್ದು ಕೊಡ್ತೀನಿ. ನೋಟಿಸ್ ಬಂದ್ರೆ ಬರಲಿ."

"ಬರೀರಿ, ಬೇಡ ಅನ್ನಲ್ಲ. ಉತ್ತರ ಬರೋ ಹೊತ್ತಿಗೆ ವರ್ಷ ಮುಗ್ದಿರುತ್ತೆ."

ಬರೆದೆ. ಮೇಡಂ ಅದಕ್ಕೆ ಮೊಹರು ಹಾಕಿ ಕಡತದೊಳಗೆ ಇಟ್ಟರು. ಅಲ್ಲಿ ಆಗಲೇ ಅಂಥವೇ ಆರು ಪತ್ರಗಳಿದ್ದವು.

ಸೋಮವಾರ ಯಾಕಮ್ಮ ಚೀಲ ಹೆಗಲಿಗೇರಿಸಿಕೊಂಡು ನನ್ನ ಮೇಜಿನ ಮುಂದೆ ನಿಂತಳು. ಮನೆಯಲ್ಲಿ ಜಡೆಗೆ ಹೊಸ ರಿಬ್ಬನ್ ಕಟ್ಟಿದ್ದರು. ಅವಳಿಗೆ ನಿಜ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ.

"ಮಿಸ್, ಅಮ್ಮ ನನ್ನ ಮಾರ್ಕ್ಸ್ ಹಾಳೇನ ಬೀರು ಬಾಗಿಲಿಗೆ ಅಂಟಿಸಿದಾರೆ. ಬಂದೋರಿಗೆಲ್ಲ ತೋರಿಸ್ತಾರೆ. ನಮ್ಮ ಕ್ಲಾಸಲ್ಲಿ ಒಂದು ಬಂದಿರೋದು ನಂಗೊಬ್ಬಳಿಗೇ ಅಲ್ವಾ?"

"ಹೌದು ಕಂದ."

"ಅದಕ್ಕೇನಾ ಬೇರೆ ರೂಮು?"

ಹುಟ್ಟಿದಾಗಿನಿಂದ ಯಾಕೆ ಎಂದು ಕೇಳಿದವಳು ಇದೊಂದಕ್ಕೆ ಉತ್ತರವನ್ನೂ ತಾನೇ ತಂದಿದ್ದಳು. "ಹೌದು," ಅಂದುಬಿಟ್ಟೆ. ನಾನು ಹೇಡಿ.

ಅವಳು ಕುಣಿಯುತ್ತ ಹೋದಳು. ಪರಿಹಾರ ತರಗತಿ ಇರುವುದು ನನ್ನ ಗೋಡೆಯ ಆಚೆಗೇ. ಸ್ವಲ್ಪ ಹೊತ್ತಿಗೆ ಅಲ್ಲಿ ಅ ಆ ಇ ಈ ಶುರುವಾಯಿತು. ತೊದಲುವ ಹತ್ತು ದನಿಗಳ ನಡುವೆ ಒಂದು ದನಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಜೋರಾಗಿ ಹೇಳುತ್ತಿತ್ತು.