ಮೇಜರ್ ಕೊಟ್ಟ ಪೆನ್ನು

ಗಂಡನ ಕೈಗೆ ಪೆನ್ನು ಬಂದ ಕೂಡಲೇ ಟೈಲರಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಕೊಟ್ಟವನು ಸಾಲದ ಕಂಪನಿಯ ಗುಮಾಸ್ತನಾಗಿದ್ದರೆ ಈ ಮನುಷ್ಯ ಹತ್ತು ಪ್ರಶ್ನೆ ಕೇಳಿ ಅವನ ತಲೆ ತಿನ್ನುತ್ತಿದ್ದ. ಆದರೆ ಮೇಜಿನಾಚೆ ಕೂತಿದ್ದವರು ಮೇಜರ್ ಸಾಹೇಬರು. ಸೈನ್ಯದಲ್ಲಿ ಹದಿನಾಲ್ಕು ವರ್ಷ ಅವರ ಜೀಪು ಓಡಿಸಿದವನು, ಇಬ್ಬರೂ ನಿವೃತ್ತರಾದ ಮೇಲೂ ಅವರೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ. ಕಂಪನಿಯವರೇನು ದಡ್ಡರೇ? ಮಾಜಿ ಸೈನಿಕರನ್ನು ಬಲೆಗೆ ಕೆಡವಲು ಮಾಜಿ ಮೇಜರನ್ನೇ ಕೂರಿಸಿದ್ದರು.

ಮಗಳ ಕಾಲೇಜು ಫೀಸಿಗೆ ಸೋಮವಾರವೇ ಕೊನೆಯ ದಿನ. ಸಾಲ ಬೇಕಿತ್ತು, ಸುಳ್ಳಲ್ಲ. ಆದರೆ ಮೂರನೇ ಪುಟದ ಇರುವೆಯಂಥ ಅಕ್ಷರಗಳನ್ನು ಅವಳು ಕಣ್ಣು ಕಿರಿದು ಮಾಡಿ ಓದಿದ್ದಳು. ಒಂದೇ ಒಂದು ಕಂತು ತಪ್ಪಿದರೂ ಹತ್ತು ವರ್ಷ ಪಿಂಚಣಿಯೆಲ್ಲ ನೇರ ಕಂಪನಿಗೆ. ಗಂಡ ಸತ್ತರೆ ಅವಳಿಗೆ ಬರಬೇಕಾದದ್ದೂ ಅದರಲ್ಲೇ ಸೇರಿತ್ತು. ಓದಿ ನೋಡಿ ಎಂದು ಗಂಡನನ್ನು ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು. ಸಾಹೇಬರು ಕೊಟ್ಟ ಕಾಗದವನ್ನು ಅವರೆದುರೇ ಓದಿದರೆ ಅವರನ್ನು ನಂಬದಂತಾಗುತ್ತದೆ ಎಂದ ಪುಣ್ಯಾತ್ಮ. ಅವಳಿಗೆ ಮೈಯೆಲ್ಲ ಉರಿಯಿತು.

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಸಹಿಯ ಜಾಗದ ಮೇಲೆ ಅಂಗೈ ಊರಿಬಿಟ್ಟಳು.

"ಸಾಹೇಬ್ರೇ, ನಿಮ್ಮ ಪಿಂಚಣಿ ಆಗಿದ್ರೆ ಇದಕ್ಕೆ ನೀವು ಸಹಿ ಹಾಕ್ತಿದ್ರಾ?"

ಗಂಡನ ಮುಖ ಕಪ್ಪಿಟ್ಟಿತು. ಗಾಜಿನ ಕೋಣೆಯೊಳಗಿಂದ ಮ್ಯಾನೇಜರ್ ತಲೆಯೆತ್ತಿ ನೋಡಿದ.

"ಹಾಕಿದ್ದೀನಮ್ಮಾ," ಎಂದರು ಮೇಜರ್ ಮೆಲ್ಲಗೆ. "ಅದಕ್ಕೇ ಇಲ್ಲಿ ಕೂತಿರೋದು."

ಅವರು ಕರೆತಂದ ಪ್ರತಿಯೊಬ್ಬ ಸೈನಿಕನಿಗೂ ಅವರದೇ ಸಾಲದಲ್ಲಿ ಒಂದಿಷ್ಟು ಇಳಿಯುತ್ತದಂತೆ. ಅಷ್ಟು ಕೇಳಿದ್ದೇ ತಡ, ಗಂಡ ಅವಳ ಕೈ ಸರಿಸಿದ. ಸಾಹೇಬರಿಗಾಗಿ ಈ ಪೆದ್ದ ಬಾವಿಗೂ ಹಾರಿಯಾನು ಎಂದು ಅವಳಿಗೆ ಗೊತ್ತಿತ್ತು.

ಮೇಜರ್ ಕಾಗದ ಕಿತ್ತುಕೊಂಡರು.

"ಎದ್ದೇಳು. ಹೆಂಡ್ತಿನ ಕರ್ಕೊಂಡು ಹೊರಡು. ಇದು ಆರ್ಡರ್."

ಅವನು ಎದ್ದ. ಏಳದೆ ಇರುತ್ತಾನೆಯೇ, ಅವನ ಕಾಲುಗಳಿಗೆ ಅದೊಂದೇ ಭಾಷೆ ಗೊತ್ತು.

ಬಾಗಿಲು ದಾಟುವಾಗ ಒಳಗೆ ಮ್ಯಾನೇಜರನ ದನಿ ಏರುತ್ತಿತ್ತು. ಗಂಡ ನಿಂತು ಹಿಂದಿರುಗಿ ನೋಡಿದ. ಉಳಿದೆವಲ್ಲ ಎಂಬ ಸಂತೋಷಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಅವನ ತೋಳು ಬಿಡದೆ ಬೀದಿಗೆ ಎಳೆದುಕೊಂಡು ಹೋದಳು.