ಬೆರಳು ಮಡಚಿ ಕೊಟ್ಟ ಅಳತೆ

ಯುಸೇಬಿಯೋನ ಅಂಗಡಿಯಲ್ಲಿ ಸೂರಿನಿಂದ ಕಾಲುಗಳು ನೇತಾಡುತ್ತಿದ್ದವು. ಮರದ ಕಾಲುಗಳು. ಅವನ ಹತ್ತಿರ ಕೌಬಾಯ್ ಬೂಟು ಹೊಲಿಸಿಕೊಂಡ ಪ್ರತಿಯೊಬ್ಬರ ಕಾಲಿಗೂ ಒಂದೊಂದು ಜೋಡಿ ಅಚ್ಚು ಇರುತ್ತಿತ್ತು. ಪಕ್ಕಕ್ಕೆ ಹೆಸರು ಬರೆದು, ತಂತಿ ಕಟ್ಟಿ ತೂಗುಹಾಕುತ್ತಿದ್ದ. ವಯಸ್ಸಾಗಿ ಯಾರದಾದರೂ ಕಾಲಿನ ಗಂಟು ಊದಿಕೊಂಡರೆ ಅಚ್ಚಿಗೂ ಅದೇ ಜಾಗದಲ್ಲಿ ಒಂದು ಚೂರು ತೊಗಲು ಅಂಟಿಸುತ್ತಿದ್ದ. ಸತ್ತವರ ಅಚ್ಚನ್ನು ಕೂಡ ಕೆಳಗಿಳಿಸುತ್ತಿರಲಿಲ್ಲ. ನಮ್ಮ ಪಲೋಮಾ ವೆಲ್ಸ್ ಊರಿನ ಅರ್ಧ ಚರಿತ್ರೆ ಆ ಸೂರಿನಲ್ಲೇ ತೂಗಾಡುತ್ತಿತ್ತು.

ನನ್ನ ಕಾಲಿಗೆಂದು ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಸಾವಿರದ ಒಂಬೈನೂರ ಅರವತ್ತಮೂರರ ಆಗಸ್ಟಿನಲ್ಲಿ. ನನಗೆ ಹದಿನಾರು. ಅಲ್ಲಿಯವರೆಗೆ ನನ್ನ ಪಾಲಿಗೆ ಬಂದದ್ದೆಲ್ಲ ಡಬ್ ಎಂಬ ನನ್ನಣ್ಣ ಹಾಕಿ ಸವೆಸಿದ ಬೂಟುಗಳು. ಹನ್ನೆರಡರಲ್ಲಿ ಅವುಗಳ ತುದಿಗೆ ಹಳೆ ಪೇಪರ್ ತುರುಕಿಕೊಂಡು ಓಡಾಡಿದೆ. ಹದಿನೈದಕ್ಕೆ ಅವು ನನ್ನ ಕಾಲಿಗೆ ಏರಲೇ ಇಲ್ಲ. ಅಣ್ಣನ ಕಾಲನ್ನು ತಂಗಿಯ ಕಾಲು ಮೀರಿಸಿತ್ತು. ಡಬ್ ಸುಮ್ಮನಿರುವ ಜಾತಿಯಲ್ಲ.

"ನಿಂಗ್ಯಾಕೆ ಬೂಟು ಒಲೀಟಾ? ಎರಡು ದೋಣಿ ತರ್ಸ್ಕೊ. ಮಳೆ ಬಂದಾಗ ನಮ್ಮನ್ನೂ ಹತ್ತಿಸ್ಕೊಂಡು ಹೋಗು."

ನಮ್ಮ ಕಡೆಯ ಜನಕ್ಕೆ ಈ ವಿಷಯದಲ್ಲಿ ಒಂದು ಹುಚ್ಚು. ಕುದುರೆ ಮೇಲೆ ಕೂತವನ ಕಾಲು ಚಿಕ್ಕದಿರಬೇಕು. ದೊಡ್ಡ ಕಾಲೆಂದರೆ ನೇಗಿಲ ಹಿಂದೆ ನಡೆದು ಅಗಲವಾದ ಕಾಲು, ಕುದುರೆಗೆ ಗತಿಯಿಲ್ಲದವರ ಕಾಲು. ಹಾಗೆಂದುಕೊಂಡು ಎಷ್ಟೋ ಗಂಡಸರು ತಮ್ಮದಕ್ಕಿಂತ ಒಂದೆರಡು ಅಳತೆ ಕಡಿಮೆಯ ಬೂಟಿಗೆ ಕಾಲು ತುರುಕಿ, ಹಲ್ಲು ಕಚ್ಚಿಕೊಂಡು ಬದುಕಿದರು. ಅದರಲ್ಲಿ ನಮ್ಮಪ್ಪ ಹಾಲಿಸ್ ಟಾರ್‌ಪ್ಲಿಯದು ಎತ್ತಿದ ಕೈ. ಮದುವೆಯ ದಿನ ಹಾಕಿದ ಬೂಟು ಬಿಚ್ಚಲಾಗದೆ ಬೂಟಿನಲ್ಲೇ ಮಲಗಿದ್ದನಂತೆ. ಬೆಳಗ್ಗೆ ಅಮ್ಮನೇ ಕುರಿ ತುಪ್ಪಟ ಕತ್ತರಿಸುವ ಕತ್ತರಿ ತಂದು ಬಿಡುಗಡೆ ಮಾಡಿದಳಂತೆ. ಅಮ್ಮ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಟೋಪಿ ತೆಗೆದುಕೊಂಡು ಎದ್ದುಹೋಗುತ್ತಿದ್ದ.

ಆ ವರ್ಷ ಅಕ್ಟೋಬರಿನಲ್ಲಿ ಬೆಟ್ಟದ ಮೇಲಿನ ದನಗಳನ್ನು ಒಟ್ಟುಮಾಡುವ ಸವಾರಿಗೆ ನನ್ನನ್ನೂ ಕರೆದೊಯ್ಯಲು ಅಪ್ಪ ಒಪ್ಪಿದ್ದ. ಹದಿನಾಲ್ಕು ದಿನದ ಸವಾರಿ. ನಾಲ್ಕು ವರ್ಷ ಗೋಗರೆದು ಗಿಟ್ಟಿಸಿಕೊಂಡದ್ದು. ಆ ತಂಡಕ್ಕೆ ಅವನೇ ಯಜಮಾನ, ಮಗಳೆಂದು ರಿಯಾಯಿತಿ ತೋರಿಸುವ ಆಸಾಮಿಯಲ್ಲ.

"ಬೂಟು ಹೊಲಿಸ್ಕೊಡ್ತೀನಿ. ಆದ್ರೆ ಒಂದ್ಮಾತು. ನನ್ನ ತಂಡದಲ್ಲಿ ಕುಂಟೋರಿಗೆ ಜಾಗ ಇಲ್ಲ. ಕುಂಟಿದ ದಿನಾನೇ ಮನೆಗೆ ವಾಪಸ್ಸು. ಮುಂದಿನ ವರ್ಷ ಬರ್ತೀನಿ ಅಂತ ಬಾಯೂ ಬಿಡ್ಬಾರ್ದು."

ಯುಸೇಬಿಯೋ ನೆಲದ ಮೇಲೆ ಕಾಗದ ಹಾಸಿ ಅದರ ಮೇಲೆ ನನ್ನನ್ನು ನಿಲ್ಲಿಸಿದ. ತೆಳ್ಳಗಿನ ಮುದುಕ. ಬಾಯಲ್ಲಿ ಸದಾ ನಾಲ್ಕು ಮರದ ಮೊಳೆ ಕಚ್ಚಿಕೊಂಡಿರುತ್ತಿದ್ದ. ಅವುಗಳ ಸಂದಿಯಿಂದಲೇ ಮಾತಾಡುತ್ತಿದ್ದ.

"ಭಾರ ಎಲ್ಲಾ ಕಾಲ್ಮೇಲೆ ಬಿಡು ಮಗಳೇ. ಉಸಿರು ಹಿಡ್ಕೋಬೇಡ. ಕಾಲಿಗೂ ಉಸಿರಿಗೂ ಸಂಬಂಧ ಇದೆ."

ಅಪ್ಪ ಪಕ್ಕದಲ್ಲೇ ನಿಂತಿದ್ದ. ಇನ್ನಿಬ್ಬರು ಗಿರಾಕಿಗಳು ಬೆಂಚಿನ ಮೇಲಿದ್ದರು. ಪೆನ್ಸಿಲು ಹಿಮ್ಮಡಿಯಿಂದ ಹೊರಟು ಮುಂದಕ್ಕೆ ಬರುತ್ತಿತ್ತು. ಆ ಪೆನ್ಸಿಲು ಹೋಗಿ ಹೋಗಿ ಎಲ್ಲಿ ನಿಲ್ಲುತ್ತದೋ! ಕಾಲುಚೀಲದೊಳಗೆ ಹತ್ತೂ ಬೆರಳನ್ನು ಮಡಚಿಬಿಟ್ಟೆ. ಯುಸೇಬಿಯೋ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದ. ಆಮೇಲೆ ಅಪ್ಪನ ಮುಖ ನೋಡಿದ. ಅಪ್ಪ ಕಿಟಕಿಯಾಚೆ ಅದೇನನ್ನೋ ನೋಡುತ್ತಿದ್ದ.

"ಎಷ್ಟು?" ಎಂದ ಅಪ್ಪ.

"ಆರು," ಎಂದ ಯುಸೇಬಿಯೋ.

ಅಷ್ಟು ಚಿಕ್ಕ ಅಳತೆಯ ಹೆಮ್ಮೆ ಉಳಿದದ್ದು ಊರಿನ ಗಡಿ ದಾಟುವವರೆಗೆ ಮಾತ್ರ. ಪಿಕಪ್ಪಿನಲ್ಲಿ ಅಪ್ಪನ ಪಕ್ಕ ಕೂತಾಗ ನನಗೆ ಬುದ್ಧಿ ಬಂತು. ಆ ಅಳತೆಗೆ ಹೊಲಿದ ಬೂಟಿನಲ್ಲಿ ನಾನು ಹದಿನಾಲ್ಕು ದಿನವಿರಲಿ, ಎರಡು ದಿನವೂ ನಡೆಯಲಾರೆ. ಕುಂಟುತ್ತೇನೆ, ಮನೆಗೆ ಅಟ್ಟುತ್ತಾರೆ, ಡಬ್ ಸಾಯುವವರೆಗೂ ಆಡಿಕೊಳ್ಳುತ್ತಾನೆ. ಬಾಯಿಬಿಟ್ಟು ಹೇಳಿಬಿಡೋಣವೆಂದರೆ ಸುಳ್ಳು ಅಳತೆ ಕೊಟ್ಟೆನೆಂದು ಒಪ್ಪಿಕೊಳ್ಳಬೇಕು. ಮೂವತ್ತು ಮೈಲಿ ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ತೂಗುತ್ತಲೇ ಮನೆ ತಲುಪಿದೆ. 

ನಾಲ್ಕೈದು ದಿನ ಕಳೆದಿರಬೇಕು. ದನಗಳ ನೀರಿನ ತೊಟ್ಟಿಗಿಳಿದು ಪಾಚಿ ಬಳಿದು, ಹರಡಿನವರೆಗೆ ಕೆಂಪು ಕೆಸರು ಮೆತ್ತಿಕೊಂಡು ಬರಿಗಾಲಲ್ಲಿ ಅಡುಗೆಮನೆ ಬಾಗಿಲಿಗೆ ಬಂದೆ. ಅಪ್ಪ ಅಡ್ಡ ನಿಂತ.

"ನಿಲ್ಲೇ ಅಲ್ಲೇ! ಆ ಕೆಸರು ಒಳಗೆ ತರ್ತೀಯಾ? ನೆಲ ಒರೆಸಿ ಒರೆಸಿ ನಿಮ್ಮಮ್ಮನ ಸೊಂಟ ಬಿದ್ದೋಗಿದೆ."

ಮೇವಿನ ಕಾಗದದ ಚೀಲವೊಂದನ್ನು ಹರಿದು ಹೊಸಿಲ ಬಳಿ ಹಾಸಿದ.

"ಇದರ್ಮೇಲೆ ನಿಂತ್ಕೊ. ಎರಡೂ ಕಾಲು. ನೆಟ್ಟಗೆ. ಕುಣೀಬೇಡ."

ಟವೆಲ್ಲು ತರಲು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ದನದಂತೆ ನಿಂತೇ ಇದ್ದೆ. ಅಮ್ಮ ಒಲೆಯ ಕಡೆ ಮುಖಮಾಡಿ ಬೀನ್ಸ್ ಕಾಳಿನ ಪಾತ್ರೆ ಕಲಕುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು. ನಗು ತಡೆದುಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ನನ್ನ ಕಾಲು ನೋಡಿ ಹೆತ್ತವರೇ ನಗುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ಅಪ್ಪ ತಂದ ಟವೆಲ್ಲಿನಲ್ಲಿ ಕಾಲು ಒರೆಸಿಕೊಂಡವಳೇ ಕುದುರೆ ಲಾಯದ ಹಿಂದೆ ಹೋಗಿ ಅತ್ತೆ. ಅಪ್ಪನ ಮೇಲೆ ವಾರಗಟ್ಟಲೆ ಮುನಿಸಿಕೊಂಡಿದ್ದೆ. ಮರುದಿನ ಅವನು ದನಗಳಿಗೆ ಉಪ್ಪಿನ ಗಟ್ಟಿ ತರಬೇಕೆಂದು ಊರಿಗೆ ಹೊರಟಾಗ, ನೀನೂ ಬರ್ತೀಯಾ ಎಂದು ಕೇಳಿದರೂ ಬೆನ್ನು ತಿರುಗಿಸಿ ಹೋದೆ.

ಸವಾರಿಗೆ ಒಂದು ವಾರವಿದೆ ಎನ್ನುವಾಗ ಬೂಟು ಸಿದ್ಧವಾಯಿತು. ಕಂದು ಬಣ್ಣದ್ದು, ಮೇಲ್ಗಡೆ ಹಳದಿ ದಾರದ ನಾಲ್ಕು ಸಾಲು ಹೊಲಿಗೆ. ನೋಡಿದರೆ ಕಣ್ಣು ತುಂಬುವಂತಿತ್ತು. ಆದರೆ ಒಳಗಿನ ತೊಗಲಿನ ಮೇಲೆ ಶಾಯಿಯಲ್ಲಿ ಆರು ಎಂದು ಬರೆದಿತ್ತು. ಆಯಿತು, ನನ್ನ ಕಥೆ ಮುಗಿಯಿತು ಎಂದುಕೊಂಡು ಬೂಟಿನ ಬಾಯಿಯ ಎರಡೂ ಕಿವಿಪಟ್ಟಿ ಹಿಡಿದು ಎಳೆದೆ.

ಢಬ್ಬೆಂದು ಕಾಲು ಒಳಗೆ ಕೂತಿತು. ಪಾದದ ಮೇಲ್ಭಾಗವನ್ನು ತೊಗಲು ಗಟ್ಟಿಯಾಗಿ ಹಿಡಿದುಕೊಂಡಿತು. ಹಿಮ್ಮಡಿ ಕೂದಲೆಳೆಯಷ್ಟು ಮೇಲೆದ್ದು ಕೂತಿತು. ಮುಂದೆ, ಆ ಚೂಪು ಮೂತಿಯೊಳಗೆ, ನನ್ನ ಐದೂ ಬೆರಳು ಆರಾಮಾಗಿ ಮಲಗಿದ್ದವು. ನನಗೆ ನಂಬಿಕೆಯೇ ಬರಲಿಲ್ಲ. ಎರಡನೆಯದನ್ನೂ ಹಾಕಿಕೊಂಡು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದೆ. ಜೀವನದಲ್ಲಿ ಮೊದಲ ಸಲ ನನಗೆ ಕಾಲುಗಳಿರುವುದೇ ಮರೆತುಹೋಯಿತು.

"ಯಾಕೆ ಮಗಳೇ ಹಂಗೆ ನೋಡ್ತೀಯ? ಎಲ್ಲಾದ್ರೂ ಕಚ್ತಾ ಇದ್ಯಾ?" ಎಂದ ಯುಸೇಬಿಯೋ.

"ಇಲ್ಲ. ಆದ್ರೆ ನೀವು ಹೆಂಗೆ..."

"ಐವತ್ತು ವರ್ಷದಿಂದ ಇದೇ ಕೆಲಸ. ನನ್ ಕಣ್ಣಿಗೆ ಕಾಲುಚೀಲ ಕಾಣ್ಸಲ್ಲ, ಕಾಲು ಕಾಣ್ಸತ್ತೆ."

ಅಪ್ಪ ಬಾಗಿಲಲ್ಲಿ ನಿಂತು ಹೊಗೆಸೊಪ್ಪು ಅಗಿಯುತ್ತಿದ್ದ. "ಸರಿಯಾಗಿದ್ಯಾ?"

"ಹೂಂ."

"ಹಂಗಾದ್ರೆ ನಡಿ, ಬಿಸಿಲು ಏರ್ತಾ ಇದೆ."

ಹದಿನಾಲ್ಕು ದಿನವೂ ಸವಾರಿ ಮಾಡಿದೆ. ಒಂದು ಹೆಜ್ಜೆಯೂ ಕುಂಟಲಿಲ್ಲ. ಒಂಬತ್ತನೆಯ ದಿನ ಕಲ್ಲಿನ ಇಳಿಜಾರಿನಲ್ಲಿ ಓಡಿಹೋದ ಹೋರಿಯನ್ನು ಕುದುರೆ ಇಳಿದು ಕಾಲ್ನಡಿಗೆಯಲ್ಲೇ ತಿರುಗಿಸಿ ತಂದೆ. ಆವತ್ತು ಕಾಫಿ ಕುಡಿಯುವಾಗ ಡಬ್ ತಾನಾಗಿಯೇ ನನಗೆ ಬೆಂಕಿಯ ಹತ್ತಿರ ಜಾಗ ಬಿಟ್ಟುಕೊಟ್ಟ. ಆಮೇಲೆ ಮೂವತ್ತೊಂದು ಶರತ್ಕಾಲ ಆ ಬೆಟ್ಟ ಹತ್ತಿ ಇಳಿದಿದ್ದೇನೆ. ಆ ದಿನಗಳ ಧೂಳು, ಹೊಗೆ, ಬೆವರಿದ ಕುದುರೆಯ ಜೀನಿನ ವಾಸನೆ ಈಗಲೂ ಮೂಗಿನಲ್ಲಿದೆ. 

ಯುಸೇಬಿಯೋನ ಕಣ್ಣಿನ ಮಹಿಮೆಯನ್ನು ನಾನು ಕಂಡಕಂಡವರಿಗೆಲ್ಲ ಹೇಳಿದೆ. ಬೆರಳು ಮಡಚಿದ ಕಥೆಯೂ ವಯಸ್ಸಾಗುತ್ತ ತಮಾಷೆಯೇ ಆಯಿತು. ಅಪ್ಪನ ಎದುರೇ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನು ಎಲ್ಲ ಕೇಳಿಸಿಕೊಂಡು, "ಹೂಂ, ಮುದುಕನ ಕಣ್ಣು ಅಂಥದ್ದೇ," ಎನ್ನುತ್ತಿದ್ದ. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ತೀರಿಹೋದ.

ಮೊನ್ನೆ ಮಾರ್ಚಿನಲ್ಲಿ ಮತ್ತೆ ಆ ಅಂಗಡಿಗೆ ಹೋದೆ. ನನಗೀಗ ಎಪ್ಪತ್ತನಾಲ್ಕು. ಒಂಬತ್ತು ಸಲ ಅಟ್ಟೆ ಬದಲಿಸಿದ ಆ ಬೂಟಿನ ತೊಗಲು ಬಿರುಕು ಬಿಟ್ಟಿದೆ. ಬಲಗಾಲಿನ ಕಿರುಬೆರಳನ್ನು ಕುದುರೆಯೊಂದು ತುಳಿದು ಸೊಟ್ಟ ಮಾಡಿದೆ. ಬೇರೆ ಅಂಗಡಿಯಿಂದ ತಂದ ಸಿದ್ಧ ಬೂಟು ಯಾವುದೂ ಒಗ್ಗಲಿಲ್ಲ. ಯುಸೇಬಿಯೋ ಹೋಗಿ ಕಾಲವಾಯಿತು, ಈಗ ಕೂರುವವಳು ಅವನ ಮೊಮ್ಮಗಳು ಗ್ರಾಸಿಯೆಲಾ. ಅವಳೂ ಬಾಯಲ್ಲಿ ಮರದ ಮೊಳೆ ಕಚ್ಚಿಕೊಂಡಿದ್ದಳು. ಸೂರಿನಿಂದ ನನ್ನ ಅಚ್ಚು ಇಳಿಸಿ, ರಟ್ಟಿನ ಪೆಟ್ಟಿಗೆಯೊಂದನ್ನು ತಂದಳು.

"ತಾತ ಎಲ್ಲರ ಹಳೇ ಅಳತೇನೂ ಇಟ್ಟಿದ್ದಾರೆ ಅಮ್ಮಾ. ಇಗೋ ನಿಮ್ದು. ಆದ್ರೆ ಇದೇನು, ಎರಡಿದೆ?"

ಮೊದಲನೆಯದು ಪೆನ್ಸಿಲಿನ ಗೆರೆ. ಮೊಂಡು ಮೂತಿಯ, ಗೊರಸಿನಂತಹ ಒಂದು ಆಕಾರ. ನೋಡಿ ನಕ್ಕೆ. ಅದರ ಹಿಂದೆ ಮಡಚಿಟ್ಟ ಕಂದು ಕಾಗದ. ಬಿಡಿಸಿದಳು. ಮೇವಿನ ಚೀಲ. ಅದರ ಮೇಲೆ ಕೆಂಪು ಕೆಸರಿನ ಎರಡು ಹೆಜ್ಜೆ, ಹತ್ತೂ ಬೆರಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಸುತ್ತ ಯಾರೋ ಜೋಪಾನವಾಗಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಮೂಲೆಯಲ್ಲಿ ಅಪ್ಪನ ದಪ್ಪ ದಪ್ಪ ಅಕ್ಷರ.

"ಯುಸೇಬಿಯೋ, ಅವಳ ನಿಜವಾದ ಕಾಲು ಇದು. ಇದಕ್ಕೇ ಹೊಲಿ. ಒಳಗೆ ಮಾತ್ರ ಆರು ಅಂತಲೇ ಬರಿ. ನನ್ನದರಲ್ಲಿ ಬರೆಯುತ್ತೀಯಲ್ಲ, ಹಾಗೆ. ಅವಳಿಗೆ ಗೊತ್ತಾಗುವುದು ಬೇಡ. ಹಾಲಿಸ್."

ನಾನು ಬೆಂಚಿನ ಮೇಲೆ ಕೂತೆ. ಇಪ್ಪತ್ತೈದು ವರ್ಷ ಅವನೆದುರು ಕೂತು ಇನ್ನೊಬ್ಬನನ್ನು ಹೊಗಳಿದ್ದೆ. ಒಂದು ಸಲವಾದರೂ ಬಾಯಿ ಬಿಟ್ಟನೇ! ಅವತ್ತು ಲಾಯದ ಹಿಂದೆ ಅವನನ್ನು ಬೈದುಕೊಂಡದ್ದೆಲ್ಲ ನೆನಪಾಗಿ, ಎಪ್ಪತ್ತನಾಲ್ಕರ ಮುದುಕಿ ಬೂಟಿನ ಅಂಗಡಿಯಲ್ಲಿ ಗೊಳೋ ಎಂದು ಅತ್ತೆ.

ಗ್ರಾಸಿಯೆಲಾ ನೀರು ತಂದುಕೊಟ್ಟಳು. ಆಮೇಲೆ ಏಣಿ ಹತ್ತಿ ಅಪ್ಪನ ಅಚ್ಚನ್ನೂ ಹುಡುಕಿ ತಂದಳು. ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಏಳು ಎಂದು ಬರೆದಿತ್ತು. ತಿರುಗಿಸಿದರೆ ಅಂಗಾಲಿನಲ್ಲಿ ಸಣ್ಣಗೆ ಒಂಬತ್ತೂವರೆ. ಇಬ್ಬರೂ ನಕ್ಕೆವು.

"ನಿಂತ್ಕೊಳ್ಳಿ ಅಮ್ಮಾ, ಹೊಸದಾಗಿ ಅಳತೆ ತಗೋತೀನಿ. ಭಾರ ಬಿಡಿ."

ಪೆನ್ಸಿಲು ಹಿಮ್ಮಡಿಯಿಂದ ಹೊರಟಿತು, ಪಕ್ಕಕ್ಕೆ ಬಂತು, ನಿಂತುಬಿಟ್ಟಿತು.

"ಅಮ್ಮಾ," ಎಂದಳು ಮೆಲ್ಲಗೆ, "ಬೆರಳು."

ಬಗ್ಗಿ ನೋಡಿದೆ. ಕಾಲುಚೀಲದೊಳಗೆ ಹತ್ತೂ ಮಡಚಿಕೊಂಡಿದ್ದವು. ಒಂದೊಂದಾಗಿ ಬಿಚ್ಚಿದೆ, ಸೊಟ್ಟಗಾದ ಆ ಕಿರುಬೆರಳನ್ನೂ. ಅವಳು ಗೆರೆಯನ್ನು ಪೂರ್ತಿ ಸುತ್ತು ಬರಿಸಿ, ಟೇಪು ಹಿಡಿದು ಅಳೆದು, ಪುಸ್ತಕ ತೆರೆದಳು.

"ಒಳಗೆ ಎಷ್ಟು ಅಂತ ಬರೀಲಿ?"

"ಆರು ಅಂತಾನೇ ಬರಿ," ಎಂದೆ.