ಎಡಗಾಲಿಗೆ ಕೆಲಸ

ಹೊಸ ಗಾಡಿ ತೆಗೆದುಕೊಳ್ಳಬೇಕೆಂದು ಇಟ್ಟಮಡುವಿನ ಬೋರಣ್ಣ ತೀರ್ಮಾನ ಮಾಡಿ ಎರಡು ತಿಂಗಳಾಗಿತ್ತು. ಯಾವ ಗಾಡಿ ಎಂಬ ತೀರ್ಮಾನ ಮಾತ್ರ ಆಗಿರಲಿಲ್ಲ. ಕನಕಪುರ ರಸ್ತೆಯಲ್ಲಿ ಎದುರುಬದುರಾಗಿದ್ದ ಎರಡು ಶೋರೂಮುಗಳ ನಡುವೆ ಅವನು ಅದೆಷ್ಟು ಸಲ ರಸ್ತೆ ದಾಟಿದ್ದನೋ, ಮೊದಮೊದಲು ಕೂರಿಸಿ ಕಾಫಿ ಕೊಡುತ್ತಿದ್ದ ಸೇಲ್ಸಿನ ಹುಡುಗಿ ಸಿರಿ ಈಗ ದೂರದಿಂದಲೇ ಒಂದು ನಮಸ್ಕಾರ ಹಾಕಿ ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದಳು. ಅವಳ ತಪ್ಪೇನೂ ಇಲ್ಲ. ಹೆಣ್ಣು ನೋಡುವವರಾದರೂ ಇಷ್ಟು ಸಲ ಬಂದು ಉಪ್ಪಿಟ್ಟು ತಿಂದು ಹೋಗುವುದಿಲ್ಲ.

ಎರಡೂ ಪೆಟ್ರೋಲ್ ಗಾಡಿಗಳು. ಎರಡೂ ಈಗ ಬೀದಿಗೆ ಹತ್ತು ನಿಂತಿರುವ ಚಿಕ್ಕ ಎಸ್‌ಯುವಿಗಳು. ಬೆಲೆಯೂ ಹೆಚ್ಚುಕಡಿಮೆ ಒಂದೇ. ಆ ಬೆಲೆಗೆ ನೀಲಿ ಗಾಡಿಯವರು ಮೇಲೆ ತೆರೆಯುವ ಗಾಜಿನ ಕಿಂಡಿ, ಅಗಲವಾದ ಪರದೆ ಎಲ್ಲ ಕೊಡುತ್ತಿದ್ದರು, ಆದರೆ ಗೇರು ಕ್ಲಚ್ಚು ನಾವೇ ಹಾಕಿಕೊಳ್ಳಬೇಕು. ಎದುರಿನ ಬಿಳಿ ಗಾಡಿಯಲ್ಲಿ ಶೋಕಿ ಏನೂ ಇಲ್ಲ, ಆದರೆ ಅದು ಆಟೋಮ್ಯಾಟಿಕ್. ಎಡಗಾಲಿಗೆ ಕೆಲಸವೇ ಇಲ್ಲ.

ಮಗ ಶಶಿಧರ್‌ಗೆ ನೀಲಿಯ ಮೇಲೆ ಕಣ್ಣು. ಸೊಸೆ ದಿವ್ಯಳಿಗೆ ಬಿಳಿಯದು ಬೇಕಿತ್ತು. ಲೈಸೆನ್ಸ್ ಮಾಡಿಸಿ ವರ್ಷವಾದರೂ ಅವಳು ಜೆ.ಪಿ. ನಗರದ ಆಫೀಸಿಗೆ ಸ್ಕೂಟರಿನಲ್ಲೇ ಹೋಗುತ್ತಿದ್ದಳು. ತನಗೆ ಆಟೋಮ್ಯಾಟಿಕ್ ಆದರೆ ಸುಲಭ ಎಂದು ಮನೆಯ ಹಳೇ ಕಾರು ಇನ್ನೂ ಇದ್ದಾಗಲೇ ಒಂದೇ ಒಂದು ಸಲ ಹೇಳಿದ್ದಳು. ಆಗ ಬೋರಣ್ಣ ಬಾಡಿಗೆದಾರರೆಲ್ಲ ಕೇಳುವಂತೆ ಅಂಗಳದಲ್ಲಿ ನಿಂತು, "ಗೇರಿಲ್ಲದ ಗಾಡಿ ಹೆಂಗಸ್ರ ಗಾಡಿ ಕಣಮ್ಮ. ನಾನಿರೋವರ್ಗೂ ನಮ್ಮನೆ ಮುಂದೆ ಅದು ನಿಲ್ಲಲ್ಲ" ಎಂದುಬಿಟ್ಟಿದ್ದ. ಅಲ್ಲಿಗೆ ಆ ಮಾತು ಮುಗಿಯಿತು. ಅದೇ ಮಾತು ತನ್ನ ಕುತ್ತಿಗೆಗೇ ಬರುತ್ತದೆಂದು ಆಗ ಅವನಿಗೆ ಗೊತ್ತಿರಲಿಲ್ಲ.

ಇಟ್ಟಮಡು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಮೊದಲು ವ್ಯಾನು ತಂದವನು ಬೋರಣ್ಣ. ಊರಿನ ಎಷ್ಟೋ ಮದುವೆಯ ಹೆಣ್ಣುಗಳು ಅವನ ವ್ಯಾನಿನಲ್ಲಿ ಬಂದಿದ್ದರು, ಎಷ್ಟೋ ಬಸುರಿಯರು ಅದರಲ್ಲೇ ದೊಡ್ಡಾಸ್ಪತ್ರೆ ಸೇರಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳೆದ್ದು ಕೈಗೆ ಕೆಲಸವಿಲ್ಲದಂತಾದ ಮೇಲೂ, ಗಾಡಿ ಬೋರಣ್ಣ ಎಂಬ ಹೆಸರು ಉಳಿದಿತ್ತು. ಆ ಹೆಸರೊಂದು ಹೋದರೆ ತಾನು ಬಾಡಿಗೆ ವಸೂಲಿ ಮಾಡುವ ಮುದುಕ, ಅಷ್ಟೇ ಎಂದು ಅವನಿಗೆ ಭಯವಿತ್ತು.

ಭಯಕ್ಕೆ ಕಾರಣ ಅವನ ಎಡಗಾಲಿನಲ್ಲಿತ್ತು. ಸಕ್ಕರೆ ಕಾಯಿಲೆ ಹಳೆಯದು. ಈಗೀಗ ಎಡಪಾದ ತನ್ನದಲ್ಲವೇನೋ ಎನ್ನುವಂತಾಗಿತ್ತು. ಒಂದು ಸಂಜೆ ಹಾಲು ತರಲು ಹೋದಾಗ ಯಾರೋ ಹೆಂಗಸು ಹಿಂದಿನಿಂದ, ಅಣ್ಣ, ಒಂದು ಚಪ್ಪಲಿ ಅಲ್ಲೇ ಬಿಟ್ಟಿದ್ದೀರಲ್ಲ ಎಂದು ಕೂಗಿದ್ದಳು. ನೋಡಿದರೆ ಎಡಗಾಲು ಬರಿಗಾಲು. ಆಮೇಲೆ ಹಾಗಾಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಆದರೆ ಕದಿರೇನಹಳ್ಳಿ ಸಿಗ್ನಲ್ಲಿನಲ್ಲಿ ಹಳೇ ಕಾರಿನ ಕ್ಲಚ್ಚಿನಿಂದ ಕಾಲು ಯಾವಾಗ ಜಾರಿತೋ ತಿಳಿಯಲಿಲ್ಲ. ಕಾರು ಮುಂದಕ್ಕೆ ಎಗರಿ ನಿಂತಿತು. ಎದುರಿದ್ದ ಸ್ಕೂಟಿಯ ಹಿಂದೆ ಕೂತಿದ್ದ ಸ್ಕೂಲ್ ಬ್ಯಾಗಿನ ಮಗು ತಿರುಗಿ ಅವನನ್ನೇ ನೋಡಿತು. ಒಂದು ಗೇಣು ಹೆಚ್ಚಾಗಿದ್ದರೂ ಮುಗಿಯುತ್ತಿತ್ತು. ಮರುವಾರವೇ, ಹಳೇದಾಯ್ತು ಎಂದು ಕಾರು ಮಾರಿದ. ಮನೆಯಲ್ಲಿ ಯಾರಿಗೂ ವಿಷಯ ಹೇಳಲಿಲ್ಲ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೀಲಿ ತೆಗೆದುಕೊಳ್ಳೋಣವೆಂದರೆ ಆ ಮಗುವಿನ ಮುಖ ಕಣ್ಣಮುಂದೆ ಬರುತ್ತಿತ್ತು. ಬಿಳಿ ತೆಗೆದುಕೊಂಡರೆ ಯಾಕೆಂದು ಇಡೀ ಬೀದಿ ಕೇಳುತ್ತಿತ್ತು. ಬಿಳಿ ಗಾಡಿಯ ಶೋರೂಮಿನಲ್ಲಿ ಸಿರಿ ಮಾತಾಡಿಸಿದಾಗಲೆಲ್ಲ, "ಯಾರು ಓಡಿಸೋದು ಸಾರ್?" ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಅವನು, "ನಾನೇ, ಇನ್ಯಾರು" ಎಂದು ಎದೆ ಸೆಟೆಸಿ ಹೇಳಿ, ಏನೂ ಬುಕ್ ಮಾಡದೆ ಎದ್ದು ಬರುತ್ತಿದ್ದ.

ಕೊನೆಗೆ ತಲೆ ಕೆಟ್ಟು, ಶುಕ್ರವಾರ ಹೆಂಡತಿ ಮಂಗಮ್ಮನನ್ನು ಕರೆದುಕೊಂಡು ಊರ ಮಾರಮ್ಮನ ಗುಡಿಗೆ ಹೂ ಕೇಳಲು ಹೊರಟ. ಮಂಗಮ್ಮ ಎಂದಿನಂತೆ ನಾಲ್ಕು ಹೆಜ್ಜೆ ಹಿಂದೆ. ಯುಗಾದಿಯ ಈಚೆಗೆ ಅವಳಿಗೆ ಮಂಡಿನೋವು. ಸಿಕ್ಕ ಸಿಕ್ಕ ಕಟ್ಟೆಯ ಮೇಲೆ ಅವನನ್ನೂ ಕೂರಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಹೀಗೆ ಕೂರುತ್ತ ಹೋದರೆ ಮಂಗಳಾರತಿಯೂ ಸಿಗಲ್ಲ ಎಂದು ಅವನು ಗೊಣಗಿದ.

ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲೇ ಕೇಳಿಕೊಳ್ಳಿ ಎಂದ. ಬಲಗಡೆ ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆ ಬಿದ್ದರೆ ಬೇಡ. ಬೋರಣ್ಣ ಕಣ್ಣುಮುಚ್ಚಿ, ತಾಯಿ, ಗೇರಿನ ಗಾಡೀನೇ ತಗೊಳ್ಳಲಾ ಎಂದು ಕೇಳಿದ. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಗಡೆಯ ಎಸಳು ಬಿತ್ತು.

"ಬಲಗಡೆ ಕೊಟ್ಳು, ಬೋರಣ್ಣ" ಎಂದು ಪೂಜಾರಿ ಸಂತೋಷಪಟ್ಟ.

ಬೇಡ ಎನ್ನಲಿ ಎಂದೇ ತಾನು ಒಳಗೊಳಗೆ ಕಾಯುತ್ತಿದ್ದುದು ಬೋರಣ್ಣನಿಗೆ ಆ ಕ್ಷಣದಲ್ಲಿ ತಿಳಿಯಿತು. ಅಮ್ಮ ಬೇಡ ಅಂದಳು ಎಂದಿದ್ದರೆ ಬೀದಿಯ ಬಾಯಿ ಮುಚ್ಚುತ್ತಿತ್ತು. ಈಗ ಆ ದಾರಿಯೂ ಹೋಯಿತು. ಕುಂಕುಮ ಇಟ್ಟುಕೊಂಡು ಧಡಧಡನೆ ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಮನೆಯ ಕಡೆ ನಡೆದೇಬಿಟ್ಟ.

ಅರಳಿಕಟ್ಟೆಯ ಹತ್ತಿರ ಮಂಗಮ್ಮ ಏದುಸಿರು ಬಿಡುತ್ತ ಬಂದು ಮುಂದೆ ನಿಂತಳು. ಅವಳ ಕೈಯಲ್ಲಿ ಅವನ ಎಡಗಾಲಿನ ಚಪ್ಪಲಿ ಇತ್ತು.

"ನಾನ್ಯಾಕೆ ಹಿಂದೆ ನಡೀತೀನಿ ಅಂದ್ಕೊಂಡಿದ್ದೀರಿ?" ಎಂದಳು. "ನನ್ ಮಂಡಿಗೆ ಏನೂ ಆಗಿಲ್ಲ. ಯುಗಾದಿಯಿಂದ ಇದನ್ನ ಎತ್ಕೊಂಡು ಬರ್ತಾ ಇದೀನಿ. ಕಟ್ಟೆ ಮೇಲೆ ಕೂರಿಸಿ ಕಾಲಿಗೆ ತೊಡಿಸ್ತೀನಿ. ನಿಮಗೆ ಗೊತ್ತೇ ಆಗಲ್ಲ."

ಬೋರಣ್ಣ ಕಟ್ಟೆಯ ಮೇಲೆ ಕುಸಿದ. ಅವಳು ಇಷ್ಟು ದಿನ ಸುಮ್ಮನಿದ್ದುದಕ್ಕೆ ಸಿಟ್ಟು ಬಂತು. ಅವಳು ಕಾಪಾಡಿದ್ದು ತನ್ನ ಮಾನವನ್ನಲ್ಲವೇ ಎನಿಸಿ ಆ ಸಿಟ್ಟೂ ನಿಲ್ಲಲಿಲ್ಲ, ಅಳು ಬಂತು. ಸಿಗ್ನಲ್ಲಿನಲ್ಲಿ ಆದದ್ದನ್ನು ಹೇಳಿದ. ಮಂಗಮ್ಮ ಕೇಳಿಕೊಂಡಳು. ಬೈಯಲಿಲ್ಲ.

"ಅಮ್ಮ ಬಲಗಡೆ ಕೊಟ್ಬಿಟ್ಲಲ್ಲೇ. ಗೇರಿನ ಗಾಡಿ ತಗೋ ಅಂತ" ಎಂದ.

"ಆ ಹೂವು ನಂದು. ನಾನೂ ಅದೇ ಹೊತ್ತಿಗೆ ಕೇಳ್ಕೊಂಡಿದ್ದೆ, ಇವತ್ತು ಇವ್ರಿಗೆ ಹೇಳ್ಬಿಡ್ಲಾ ಅಂತ."

ಒಂದೇ ಹೂವಿಗೆ ಇಬ್ಬರು ಕೇಳಬಾರದೆಂಬ ನೇಮ ಎಲ್ಲಾದರೂ ಇದೆಯೋ ಏನೋ. ಬೋರಣ್ಣ ಪೂಜಾರಿಯನ್ನು ಕೇಳಲು ಹೋಗಲಿಲ್ಲ. ಹೂವನ್ನು ಹೆಂಡತಿಗೇ ಬಿಟ್ಟುಕೊಟ್ಟ.

ಮರುದಿನ ಇಬ್ಬರೂ ಹೋದಾಗ ಡಾಕ್ಟರು ಪಾದಕ್ಕೆ ಚುಚ್ಚಿ ಚುಚ್ಚಿ ನೋಡಿ, ಎಡಗಾಲಿನ ಸ್ಪರ್ಶ ಹೋಗಿದೆ, ಬಲಗಾಲೂ ಅದೇ ದಾರಿ ಹಿಡಿದಿದೆ, ಇನ್ನು ಯಾವ ಗಾಡಿಯನ್ನೂ ಓಡಿಸಬೇಡಿ ಎಂದರು. ಬಿಳಿ ಗಾಡಿಯಾದರೆ ತಾನೇ ಓಡಿಸಬಹುದೆಂದು ಇಟ್ಟುಕೊಂಡಿದ್ದ ಚೂರು ಆಸೆಯೂ ಅಲ್ಲಿಗೆ ಮುಗಿಯಿತು. ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಮನೆಮಂದಿಯೆಲ್ಲ ಬಿಳಿ ಗಾಡಿಯ ಶೋರೂಮಿಗೆ ಹೋದರು. ನೀಲಿ ಬಿಟ್ಟು ಇಲ್ಲಿಗೆ ಯಾಕೆ ಎಂದು ಶಶಿಧರ್ ದಾರಿಯುದ್ದಕ್ಕೂ ಕೇಳಿದ್ದ. ಸಿರಿ ಓಡಿಸಿ ನೋಡಲು ಬೀಗದ ಕೈ ತಂದು, ರೂಢಿಯಂತೆ ಕೇಳಿದಳು.

"ಯಾರು ಓಡಿಸೋದು ಸಾರ್?"

"ನನ್ ಸೊಸೆ" ಎಂದು ಬೋರಣ್ಣ ಬೀಗದ ಕೈಯನ್ನು ದಿವ್ಯಳ ಕೈಗೆ ಹಾಕಿದ. ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಮಗನಿಗೆ, "ನನ್ ಎಡಗಾಲು ಸತ್ತೋಗಿದೆ ಕಣೋ. ಇನ್ಮೇಲೆ ನಾನು ಓಡಿಸಲ್ಲ" ಎಂದ. ಶಶಿಧರ್ ಅಪ್ಪನ ಪಾದವನ್ನೇ ನೋಡುತ್ತ ನಿಂತ. ಅವನ ಬಾಯಲ್ಲಿ ನೀಲಿ ಗಾಡಿಯ ಮಾತು ಮತ್ತೆ ಬರಲಿಲ್ಲ.

ದಿವ್ಯ ಎರಡೆರಡು ಸಲ ಕನ್ನಡಿ ನೋಡಿ ಗಾಡಿಯನ್ನು ಕನಕಪುರ ರಸ್ತೆಗೆ ಇಳಿಸಿದಳು. ಪಕ್ಕದಲ್ಲಿ ಕೂತ ಬೋರಣ್ಣ, ನಿಧಾನ ಹೋಗಮ್ಮ, ಹಿಂದಿನವನು ಹಾರನ್ ಹೊಡೆದರೆ ಹೊಡೆದುಕೊಳ್ಳಲಿ ಎಂದು ಧೈರ್ಯ ಹೇಳಿದ. ಸಿಗ್ನಲ್ಲಿನಲ್ಲಿ ಅವಳು ಬ್ರೇಕ್ ಹಾಕುತ್ತಿದ್ದಂತೆ ಅವನ ಎಡಗಾಲು ತಾನಾಗಿ ಮುಂದಕ್ಕೆ ಹೋಗಿ, ಇಲ್ಲದ ಕ್ಲಚ್ಚನ್ನು ಒತ್ತಿತು. ದಿವ್ಯ ಅದನ್ನು ನೋಡಿ ಮತ್ತೆ ರಸ್ತೆಯ ಕಡೆ ಕಣ್ಣು ತಿರುಗಿಸಿದಳು. ಮುಂದಿನ ಸಿಗ್ನಲ್ಲಿನಲ್ಲೂ ಒತ್ತಿತು.

"ಮಂಗಮ್ಮ, ನನ್ ಕಾಲಲ್ಲಿ ಚಪ್ಪಲಿ ಇದೆಯಾ ನೋಡು" ಎಂದು ಬೋರಣ್ಣ ಹಿಂದಿನ ಸೀಟಿಗೆ ಕೇಳುವಂತೆ ಹೇಳಿದ. ಇಷ್ಟು ದಿನದಲ್ಲಿ ಅವನೇ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

ಮಂಗಮ್ಮ ಬಗ್ಗಿ ನೋಡಿದಳು. "ಇಲ್ಲ. ಗಾಡಿ ಒಳಗೇ ಬಿದ್ದಿದೆ ಬಿಡಿ, ಎಲ್ಲೋಗುತ್ತೆ" ಎಂದಳು.